ಅರಿಶಿನ ಬಣ್ಣದ ಲಷ್ಕರಿ ಟ್ರಕ್ಕು

ಕಾಗವಾಡದ ಬಸ್ ನಿಲ್ದಾಣದಲ್ಲಿ ಮೀರಜಿಗೆ ಹೋಗುವ ಬಸ್ಸು ಕಾಯುತ್ತ ನಿಂತಿದ್ದೆವು. ಶೇಡಬಾಳದ ಪರಿಚಯದ ಹೆಂಗಸೊಬ್ಬರು ನಮ್ಮ ಅತ್ತೆಯ ಕಂಕುಳಲ್ಲಿದ್ದ ದೊಡ್ಡ ಗಂಟನ್ನು ನೋಡಿ, "ಅಕ್ಕಾತಾಯಿ, ಯಾತ್ರಾಕ್ಕ ಹೊಂಟೀರೇನ್ರಿ?" ಎಂದು ಕೇಳಿದರು.

"ಇಲ್ಲವಾ, ಪುಣೆಕ್ಕ. ಲಷ್ಕರದ ಟ್ರಕ್ ತಗೊಂಡೀವಿ, ತರಾಕ ಹೊಂಟೀವಿ," ಎಂದರು ಅತ್ತೆ.

"ಹೊಡಕೊಂಡ ಬರಾವ್ರು ಯಾರ್ರಿ?"

"ಇಕಿ," ಎಂದು ಅತ್ತೆ ನನ್ನ ಕಡೆ ಗದ್ದ ಎತ್ತಿದರು. "ನನ್ನ ಸೊಸಿ, ಸುನಂದಾ."

ಆ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಎತ್ತರದವಳಲ್ಲ. ಅವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು. ಕಿಟಕಿ ಪಕ್ಕದ ಸೀಟು ಹಿಡಿದು ಕುಳಿತ ಅತ್ತೆ ಮೀರಜ್ ಬರುವವರೆಗೂ ಒಳಗೊಳಗೇ ಹಿಗ್ಗುತ್ತಿದ್ದರು.

ಐನಾಪುರದಲ್ಲಿ ಕೃಷ್ಣಾ ನದಿಯ ದಂಡೆಗೆ ಹತ್ತಿರದ ಓಣಿ ನಮ್ಮದು. ಮಹಾಪೂರ ಬಂದ ವರ್ಷ ನೀರು ಅಡುಗೆಮನೆಯೊಳಗೆ ಬಂದ ಮೇಲೆ ಸೈನ್ಯದ ಟ್ರಕ್ಕೊಂದು ಸೊಂಟಮಟ್ಟದ ನೀರನ್ನು ಸೀಳಿಕೊಂಡು ಬಂದು ನಮ್ಮನ್ನು ಹೊತ್ತೊಯ್ದಿತು. ಅದರಲ್ಲಿ ಜನರಿಗಷ್ಟೇ ಜಾಗವಿತ್ತು. ದನಗಳ ಹಗ್ಗ ಬಿಚ್ಚಿ ದೇವರ ಮೇಲೆ ಭಾರ ಹಾಕಿ ಬಂದೆವು. ನಮ್ಮ ಎರಡು ಎಮ್ಮೆಗಳಲ್ಲಿ ಒಂದು ಮತ್ತೆ ಸಿಗಲಿಲ್ಲ. ಅಂದಿನಿಂದ ಅತ್ತೆಗೆ ಒಂದೇ ಹಟ: ಅಂಥದೊಂದು ಟ್ರಕ್ಕು ನಮ್ಮ ಓಣಿಯಲ್ಲೇ ಇರಬೇಕು. "ಅವ್ರು ಬರೂತನಕ ದಾರಿ ಕಾಯೂದಲ್ಲ. ನೀರ ಬರೂಕಿಂತ ಮೊದ್ಲ ನಾವ ದನಾ ಏರಿಸ್ಕೊಂಡ ಹೋಗಬೇಕ," ಎಂದು ಮನೆಮನೆಗೆ ತಿರುಗಿದರು. ಕೆಲವರು ನಕ್ಕರು, ಒಂಬತ್ತು ಮನೆಯವರು ಒಪ್ಪಿದರು. ಸೈನ್ಯ ಬಳಸಿ ಬಿಟ್ಟ ಗಾಡಿಗಳನ್ನು ಹರಾಜಿನಲ್ಲಿ ಹಿಡಿದು ಮಾರುವ ವ್ಯಾಪಾರಿಗಳು ಪುಣೆಯ ಸುತ್ತ ಇದ್ದಾರೆ. ನಮ್ಮ ಮನೆಯವರೂ ಓಣಿಯ ಇನ್ನಿಬ್ಬರೂ ಹೋಗಿ ಅಂಥ ಒಂದು ಅಂಗಳದಲ್ಲಿ ಟ್ರಕ್ಕು ನೋಡಿ ವ್ಯವಹಾರ ಮುಗಿಸಿ ಬಂದರು. ತರುವ ಕೆಲಸ ಮಾತ್ರ ನನ್ನದಾಯಿತು. ಕಬ್ಬಿನ ಹಂಗಾಮಿನಲ್ಲಿ ವರ್ಷಗಟ್ಟಲೆ ಟ್ರ್ಯಾಕ್ಟರ್ ಹೊಡೆದವಳು ನಾನು. ಒಂಬತ್ತು ಮನೆಯಲ್ಲಿ ದೊಡ್ಡ ಗಾಡಿಯ ಲೈಸೆನ್ಸ್ ಇದ್ದದ್ದೂ ನನ್ನೊಬ್ಬಳಿಗೇ.

ಅತ್ತೆಯನ್ನು ಬರಬೇಡಿ ಎಂದು ಎಲ್ಲರೂ ಹೇಳಿದೆವು. "ನಿನ್ನ ಮರಾಠಿ ಬಾಜಾರಕ್ಕ ಸಾಕು, ಜಗಳಕ್ಕ ಸಾಲೂದಿಲ್ಲ," ಎಂದು ಅವರು ಗಂಟು ಕಟ್ಟಿದರು. ಅವರ ತವರು ಸಾಂಗಲಿಯ ಕಡೆ. ಗಂಟಿನಲ್ಲಿ ಒಣಗಿಸಿದ ಕಟಕ ರೊಟ್ಟಿ, ನೆಂಚಿಕೊಳ್ಳಲು ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇದ್ದವು. ನಾವು ಜೈನರು. ಅತ್ತೆ ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕುವವರಲ್ಲ. ಹೀಗಾಗಿ ನಮ್ಮ ಪ್ರಯಾಣದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಸೂರ್ಯನೇ ನಿರ್ಧರಿಸಬೇಕಿತ್ತು.

ಮೀರಜಿನಿಂದ ರೈಲು ಹಿಡಿದು ಪುಣೆ ತಲುಪಿ, ಒಂದು ಧರ್ಮಶಾಲೆಯಲ್ಲಿ ಉಳಿದು, ಮರುದಿನ ಆ ಅಂಗಳಕ್ಕೆ ಹೋದೆವು. ಮಳೆ ಸಣ್ಣಗೆ ಹನಿಯುತ್ತಿತ್ತು. ಸಾಲುಸಾಲಾಗಿ ನಿಂತ ಹಸಿರು ಟ್ರಕ್ಕುಗಳ ನಡುವೆ ನಮ್ಮದನ್ನು ತೋರಿಸಿದರು. ಗಾಲಿಯೇ ನನ್ನ ಎದೆಯ ಎತ್ತರಕ್ಕಿತ್ತು. ಬಾಗಿಲಿಗೆ ಬಳ್ಳಿ ಹಬ್ಬಿತ್ತು, ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಅತ್ತೆ ಮಾತ್ರ ಸಂತೆಯಲ್ಲಿ ಎಮ್ಮೆ ನೋಡುವಂತೆ ಸುತ್ತಲೂ ನಡೆದು ನೋಡಿದರು. ಹಲ್ಲು ಎಣಿಸುವುದೊಂದು ಬಾಕಿ. ಆಮೇಲೆ ಅದರ ಮೂತಿಯ ಮೇಲೆ ಕೈಯಿಟ್ಟು, "ಗಟ್ಟಿ ಐತಿ," ಎಂದರು.

ಅಲ್ಲಿ ನಮಗೆ ಸಿಕ್ಕ ಮಿಸ್ತ್ರಿಯ ಹೆಸರು ಗಫೂರ್ ಚಾಚಾ. ಮಾತು ಕಡಿಮೆ, ಬಾಯಲ್ಲಿ ಸದಾ ಲವಂಗ. ಎರಡು ಹೊಸ ಬ್ಯಾಟರಿ ಹಾಕಿದರು. ಡೀಸೆಲ್ ಟ್ಯಾಂಕು ಇಳಿಸಿ ತುಕ್ಕು ತೊಳೆದರು. ಬಿರುಕು ಬಿಟ್ಟಿದ್ದ ಎರಡು ಟೈರು ಬದಲಾದವು. ನಾನು ಸುಮ್ಮನೆ ಕೂರದೆ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಅವರ ಕೈಕೆಳಗೆ ನಿಂತೆ. ಸಂಜೆ ಎಂಜಿನ್ ಮೊದಲ ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಕೊನೆಗೆ ಒಂದೇ ಸಮನೆ ಗುಡುಗತೊಡಗಿದಾಗ ಅತ್ತೆ ಕೈ ಮುಗಿದರು. ಸ್ಟಿಯರಿಂಗ್ ಕಲ್ಲಿನ ಹಾಗೆ ಬಿಗಿ, ಕ್ಲಚ್ಚಿಗೆ ನನ್ನ ಕಾಲೇ ಎಟುಕದು. ಬೆನ್ನಿಗೊಂದು, ಅಡಿಗೊಂದು ಕೌದಿ ಮಡಚಿಟ್ಟ ಮೇಲೆ ಎಟುಕಿತು.

ಬಣ್ಣದ ಮಾತು ಬಂತು. ಸೈನ್ಯದ ಹಸಿರು ಬಣ್ಣದಲ್ಲೇ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ ಎಂದು ಚಾಚಾ ಹೇಳಿದರು. ನೀಲಿ ಚೆನ್ನ ಎಂದು ನಾನೆಂದೆ. ಅತ್ತೆ ಒಪ್ಪಲಿಲ್ಲ. "ಹೊಳಿ ನೀರು ಕಂದು, ಗಿಡ ಹಸರು, ಮುಗಿಲು ಕರಿ. ಮಳಿಯಾಗ ದೂರದಿಂದ ಕಾಣೂದು ಯಾವ್ದು? ಅರಿಷಿಣ. ಅದನ್ನ ಹಚ್ರಿ." ಅವರ ಮಾತೇ ನಿಂತಿತು.

ಬಣ್ಣ ಹಚ್ಚುವ ಮೊದಲು ಒಮ್ಮೆ ಕೆಸರಿನಲ್ಲಿ ಓಡಿಸಿ ನೋಡೋಣ ಎಂದವರೂ ಅತ್ತೆಯೇ. ಅಂಗಳದ ಹಿಂದೆ ಮಳೆನೀರು ನಿಂತ ತಗ್ಗೊಂದಿತ್ತು. ನಾಲ್ಕೂ ಗಾಲಿ ಎಳೆಯುವ ಗಾಡಿ ಎಂದೇ ನಾವು ಇದನ್ನು ಕೊಂಡದ್ದು. ತಗ್ಗಿಗೆ ಇಳಿಸಿ ಮುಂದಿನ ಗಾಲಿಗಳನ್ನು ಜೋಡಿಸುವ ಹಿಡಿಕೆ ಎಳೆದೆ. ಹಿಂದಿನ ಗಾಲಿಗಳು ಕೆಸರು ಚಿಮ್ಮಿಸುತ್ತ ಗರಗರ ತಿರುಗಿದವು, ಮುಂದಿನವು ಸತ್ತ ಹಾಗೆ ನಿಂತಿದ್ದವು. ಟ್ರಕ್ಕು ಕೂತಲ್ಲೇ ಕೂತಿತು. ಹಗ್ಗ ಕಟ್ಟಿ ಎಳೆಸಿ ಚಾಚಾ ಅಡಿಯಲ್ಲಿ ಹೊಕ್ಕು ನೋಡಿದರು. ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗೆ ಒಯ್ಯುವ ಕಬ್ಬಿಣದ ಉದ್ದ ಶಾಫ್ಟೇ ಅಲ್ಲಿರಲಿಲ್ಲ. ಯಾರೋ ಯಾವಾಗಲೋ ಬಿಚ್ಚಿಕೊಂಡಿದ್ದರು.

ಅಂಗಳದ ಮಾಲಕರಿಗೂ ಅದು ಗೊತ್ತಿರಲಿಲ್ಲ, ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ, ಹೆದ್ದಾರಿಯಲ್ಲಿ ಹೋಗಲು ಹಿಂದಿನ ಗಾಲಿ ಸಾಕಲ್ಲ, ಹೀಗೇ ಒಯ್ಯಿರಿ ಎಂದರು. ಅದೇ ಹೊತ್ತಿಗೆ ಊರಿನಿಂದ ನಮ್ಮ ಮನೆಯವರ ಫೋನು ಬಂತು.

"ಸುನಂದಾ, ಹೊಳಿ ಏರಾಕತ್ತೈತಿ. ಮ್ಯಾಲಿನ ಡ್ಯಾಮಿನಿಂದ ನೀರ ಬಿಡ್ತಾರಂತ. ಗಾಡಿ ಓಡ್ತೈತಿಲ್ಲ? ಹಂಗ ತಗೊಂಡ ಬಂದ್ಬಿಡ್ರಿ."

ಕಾದರೆ ನೀರು ನಮಗಿಂತ ಮೊದಲು ಓಣಿಗೆ ಬಂದೀತು. ಕಾಯದೆ ಹೋದರೆ ಕೊಂಡದ್ದಕ್ಕೆ ಅರ್ಥವಿಲ್ಲ. ಅತ್ತೆ ಫೋನು ಕಸಿದುಕೊಂಡು ಮಗನಿಗೆ ಹೇಳಿದರು.

"ಮಾವೀರಾ, ಮುಂದಿನ ಗಾಲಿ ಎಳೀಲಿಲ್ಲಂದ್ರ ಇದು ಕಬ್ಬ ಹೇರೂ ಲಾರಿ. ಲಾರಿ ನಮ್ಮೂರಾಗ ಬೇಕಾದಷ್ಟ ಅದಾವು. ನಾವು ಇದನ್ನ ಪೂರಾ ಮಾಡಿಸ್ಕೊಂಡ ಬರ್ತೀವಿ. ನೀ ಅಲ್ಲಿ ದನಾ ನೋಡ್ಕೋ."

ಮಾಲಕರ ಕಡೆ ತಿರುಗಿ ಮರಾಠಿಯಲ್ಲಿ ಅವರು ಆಡಿದ ಮಾತು ನನಗೆ ಅರ್ಧ ತಿಳಿಯಿತು. ಉಳಿದರ್ಧ ಮಾಲಕರಿಗೆ ಚೆನ್ನಾಗಿಯೇ ತಿಳಿದಿರಬೇಕು. ಅಂಗಳದ ಯಾವ ಗಾಡಿಯಿಂದ ಬೇಕಾದರೂ ಶಾಫ್ಟು ಬಿಚ್ಚಿಕೊಳ್ಳಲು ಚಾಚಾರಿಗೆ ಹೇಳಿ ಅವರು ಒಳಗೆ ಹೋದರು.

ಮೂಲೆಯ ಮುರುಕು ಟ್ರಕ್ಕಿನಿಂದ ಒಂದು ಸಿಕ್ಕಿತು. ಅದರ ಒಂದು ತುದಿ ಸವೆದಿತ್ತು, ಲೇಥಿನ ಅಂಗಡಿಗೆ ಒಯ್ದು ಸರಿಮಾಡಿಸಬೇಕಾಯಿತು. ನಾವು ಕಾದೆವು. ರೊಟ್ಟಿ ಮುಗಿದವು. ಕಾವಲುಗಾರನ ಹೆಂಡತಿಯ ಒಲೆಯಲ್ಲಿ ಅತ್ತೆ ಹೆಸರುಬೇಳೆ ಬೇಯಿಸಿ ಅವಳಿಗೂ ಬಡಿಸಿದರು. ಆ ಬಿಡುವಿನಲ್ಲಿ ಟ್ರಕ್ಕು ತಲೆಯಿಂದ ಕಾಲಿನವರೆಗೆ ಹಳದಿಯಾಯಿತು. ಎರಡನೆಯ ಸಲ ತಗ್ಗಿಗೆ ಇಳಿಸಿ ಹಿಡಿಕೆ ಎಳೆದಾಗ ಮುಂದಿನ ಗಾಲಿಗಳು ನೆಲ ಕಚ್ಚಿದವು, ಇಡೀ ಗಾಡಿ ಗೂಳಿಯ ಹಾಗೆ ಕೆಸರಿನಿಂದ ಎದ್ದು ಬಂತು. ದಂಡೆಯಲ್ಲಿ ನಿಂತಿದ್ದ ಅತ್ತೆಯ ಸೀರೆಯೆಲ್ಲ ರಾಡಿ. ಅವರು ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ.

ತಾತ್ಕಾಲಿಕ ಪರವಾನಗಿ ಕೈಗೆ ಬಂದ ಮರುದಿನ ಬೆಳಗಾಗುತ್ತಲೇ ಹೊರಟೆವು. ಊರು ಸುಮಾರು ಮುನ್ನೂರೈವತ್ತು ಕಿಲೋಮೀಟರು. ಗಾಡಿ ನಲವತ್ತರ ವೇಗ ದಾಟಿದರೆ ಬಾಗಿಲುಗಳು ಜಾತ್ರೆಯ ಜಾಗಟೆಯಾಗುತ್ತಿದ್ದವು, ಅದಕ್ಕೇ ನಲವತ್ತಕ್ಕೆ ನಿಲ್ಲಿಸಿದೆ. ಮೊದಲ ಟೋಲಿನಲ್ಲಿ ಕೂತವನು ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಇದು ಫೌಜಿನ ಗಾಡಿಯೇ ಎಂದು ಮರಾಠಿಯಲ್ಲಿ ಕೇಳಿದ. ಫೌಜಿನದಾದರೆ ಟೋಲು ಇಲ್ಲ. "ಹೋತಿ. ಆತಾ ಆಮ್ಚಿ ಆಹೆ," ಎಂದರು ಅತ್ತೆ. ಆಗಿತ್ತು, ಈಗ ನಮ್ಮದು ಎಂದು. ಟೋಲು ಕಟ್ಟಿಯೇ ಮುಂದೆ ಹೋದೆವು. ಟೋಲು ಕಟ್ಟುವಾಗ ಅಷ್ಟು ಖುಷಿಯಾದವರು ಆ ದಾರಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಸಾತಾರೆಗೆ ಮುಂಚಿನ ಘಾಟಿನಲ್ಲಿ ಮಂಜು ಕವಿದು, ಎರಡನೆಯ ಗೇರಿನಲ್ಲಿ ಆನೆಯಂತೆ ಏರಿದೆವು. ಕರಾಡದಲ್ಲಿ ಊಟ: ಅಕ್ಕಿಯನ್ನ, ಮೊಸರು, ಮತ್ತು ಈರುಳ್ಳಿ ಹಾಕಿಲ್ಲ ಎಂದು ಅಡುಗೆಯವನಿಂದ ಆಣೆ ಮಾಡಿಸಿಕೊಂಡ ಬೇಳೆ ಸಾರು. ಕೊಲ್ಲಾಪುರ ದಾಟಿ, ಗಡಿ ದಾಟಿ, ಕನ್ನಡ ಬೋರ್ಡು ಕಾಣುವ ಹೊತ್ತಿಗೆ ನನ್ನ ಎರಡೂ ತೋಳು ಕಟ್ಟಿಗೆಯಾಗಿದ್ದವು. ಮೋಡದ ಹಿಂದೆ ಹೊತ್ತು ಇಳಿಯುವ ಮೊದಲೇ ನಿಪ್ಪಾಣಿ ಸೇರಿದೆವು. ಬಸದಿಯ ಪಕ್ಕದ ಕೋಣೆಯಲ್ಲಿ ಜಾಗ ಸಿಕ್ಕಿತು, ಅತ್ತೆಯ ಊಟವೂ ಸಮಯಕ್ಕೆ ಆಯಿತು.

ಕೈ ತೊಳೆದು ಹೊರಗೆ ಬಂದರೆ ಟ್ರಕ್ಕಿನ ಪಕ್ಕದಲ್ಲಿ ಬಿಳಿ ಮೀಸೆಯ ಒಬ್ಬರು ನಿಂತಿದ್ದರು. ಸೈನ್ಯದಲ್ಲಿ ಡ್ರೈವರ್ ಆಗಿ ನಿವೃತ್ತರಾದವರಂತೆ. "ಒಮ್ಮಿ ಹತ್ತಲ್ರಿ, ತಂಗಿ?" ಎಂದು ಕೇಳಿದರು. ಹತ್ತಿ, ಸ್ಟಿಯರಿಂಗ್ ಹಿಡಿದು, ಗೇರುಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಇಳಿದ ಮೇಲೆ ಕಣ್ಣೊರೆಸಿಕೊಂಡು, "ಬಣ್ಣ ಛಲೋ ಹಚ್ಚೀರಿ. ಇಳಿಜಾರದಾಗ ಗೇರ್ ಬಿಡಬ್ಯಾಡ್ರಿ," ಎಂದಷ್ಟೇ ಹೇಳಿ ಹೋದರು.

ಮರುದಿನ ಚಿಕ್ಕೋಡಿಯಲ್ಲಿ ಚಹಾ ಕುಡಿದೆವು. ಕಳೆದ ಚಳಿಗಾಲದಲ್ಲಿ ನಾನು ಲೈಸೆನ್ಸಿನ ಪರೀಕ್ಷೆ ಕೊಟ್ಟದ್ದು ಈ ಊರಿನಲ್ಲೇ. ಅಂದು ಹಿಡಿದದ್ದು ಬಾಡಿಗೆ ಲಾರಿಯ ಸ್ಟಿಯರಿಂಗ್. ಇಂದು ಅದೇ ಪೇಟೆಯ ನಡುವೆ, ಎರಡೂ ಕಡೆಯ ಜನ ತಿರುಗಿ ನೋಡುವಂತೆ, ನಮ್ಮದೇ ಗಾಡಿಯಲ್ಲಿ ಹಾದುಹೋದೆ.

ರಾಯಬಾಗ ಸಮೀಪಿಸುವಾಗ ಮಳೆ ಜೋರಾಯಿತು. ರಸ್ತೆ ಕೆಲಸ ನಡೆದಲ್ಲಿ ಗಾಡಿಗಳನ್ನು ಪಕ್ಕದ ಎರೆಮಣ್ಣಿನ ಹೊಲಕ್ಕೆ ತಿರುಗಿಸಿದ್ದರು. ಅಲ್ಲಿ ಪಾಲಬಾವಿಯ ಹಾಲಿನ ಟೆಂಪೊ ಒಂದು ಅಚ್ಚಿನವರೆಗೆ ಹೂತು ದಾರಿ ಕಟ್ಟಿತ್ತು. ಆಚೀಚೆ ಸಾಲುಗಟ್ಟಿ ಗಾಡಿಗಳು. ನಡುವಯಸ್ಸಿನ ಚಾಲಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದ; ಕ್ಯಾನುಗಳ ತುಂಬ ಮುಂಜಾನೆಯ ಹಾಲು. ಹೊಲದ ಬದಿಯಿಂದ ಬಳಸಿ ನಾನು ಟ್ರಕ್ಕನ್ನು ಅವನ ಮುಂದೆ ತಂದೆ. ಅವನು ಹಗ್ಗ ಬಿಗಿದ. ಹಿಡಿಕೆ ಎಳೆದೆ. ಒಂದು ಗಳಿಗೆ ಎರಡೂ ಗಾಡಿ ಜಗ್ಗಾಡಿದವು. ಆಮೇಲೆ ಮುಂದಿನ ಗಾಲಿಗಳು ಆ ಜಿಗುಟು ಮಣ್ಣನ್ನು ಕಚ್ಚಿ ಹಿಡಿದವು, ಟೆಂಪೊ ಮೆಲ್ಲಗೆ ಮೇಲೆದ್ದಿತು. ಕಾದಿದ್ದವರೆಲ್ಲ ಸಿಳ್ಳೆ ಹಾಕಿದರು.

"ನಾ ಮಿಲ್ಟ್ರಿ ಬಂತಂತ ತಿಳದಿದ್ನಿ, ಅಕ್ಕಾರ," ಎಂದ ಆ ಚಾಲಕ. "ಯಾವೂರ್ರಿ ನಿಮ್ದು?"

ಅತ್ತೆ ಉತ್ತರಿಸುವ ಮೊದಲು ಸೆರಗು ಸರಿಮಾಡಿಕೊಂಡರು.

ಕುಡಚಿಯ ಸೇತುವೆಯ ಹತ್ತಿರ ಕೃಷ್ಣೆ ಕೆಂಪಗೆ, ಅಂಚು ತುಂಬಿ ಓಡುತ್ತಿದ್ದಳು. ಪೊಲೀಸರು ಸೀಟಿ ಊದುತ್ತ, "ಲಗೂ ದಾಟ್ರಿ, ಸಂಜಿಕ ಬಂದ್ ಮಾಡ್ತೀವಿ," ಎಂದರು. ದಾಟಿದೆವು. ಉಗಾರದ ಕಡೆಯಿಂದ ಐನಾಪುರ ಹೊಕ್ಕಾಗ ಓಣಿಯವರೆಲ್ಲ ಹಾದಿಯ ಮೇಲೆ ನಿಂತಿದ್ದರು. ನಮ್ಮ ಮನೆಯವರು ಮೊದಲು ಗಾಡಿಯ ಅಡಿಯಲ್ಲಿ ಹೊಕ್ಕು ಆ ಶಾಫ್ಟು ನೋಡಿದರು. ಎದ್ದು ಬಂದು ಕೈ ಒರೆಸಿಕೊಂಡು, "ನಿಂತ ಮಾಡಿಸ್ಕೊಂಡ ಬಂದದ್ದ ಛಲೋ ಆತು," ಎಂದರು. ಅವರ ಬಾಯಿಂದ ಅಷ್ಟು ಬಂದರೆ ಬಹಳ.

ಮರುದಿನ ಬೆಳಿಗ್ಗೆ ನೀರು ಓಣಿಯ ಬಾಯಿಯಲ್ಲಿತ್ತು. ಹಲಗೆ ಹಚ್ಚಿ ದನ ಏರಿಸಲು ಸಿದ್ಧವಾಗುತ್ತಿದ್ದಾಗ ಊರಿನ ಪೇಂಟರ್ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದು, ಗಾಡಿಯ ಹಣೆಗೆ ಏನು ಬರೆಯಲಿ ಎಂದು ಕೇಳಿದ. ದೇವರ ಹೆಸರು ಎಂದರು ಕೆಲವರು. ದುಡ್ಡು ಹಾಕಿದ ಒಂಬತ್ತು ಮನೆಗಳ ಅಡ್ಡಹೆಸರು ಬರೆಸೋಣ ಎಂದರು ಇನ್ನು ಕೆಲವರು. ಅಷ್ಟರಲ್ಲಿ ಪಕ್ಕದ ಓಣಿಯವರೂ ತಮ್ಮ ದನಗಳ ಹಗ್ಗ ಹಿಡಿದು, ಕೇಳಲು ಸಂಕೋಚಪಟ್ಟು ದೂರದಲ್ಲಿ ನಿಂತಿದ್ದರು.

ಅತ್ತೆ ಅವರನ್ನು ಕೈಬೀಸಿ ಕರೆದರು. "ಬರ್ರಿ, ಬರ್ರಿ. ನೀರು ಒಂಬತ್ತ ಮನಿ ಎಣಿಸಿ ಬರ್ತೈತೇನ?" ಎಂದು, ಪೇಂಟರನಿಗೆ, "ಊರ ಹೆಸರ ಬರಿ. ದೊಡ್ಡದಾಗಿ ಬರಿ," ಎಂದರು.

ಪೇಂಟರ್ ಬರೆಯುತ್ತಿರುವಾಗಲೇ ದನಗಳು ಏರಿದವು. ಕೊನೆಯ ಅಕ್ಷರ ಒಣಗುವ ಮೊದಲೇ ನಾನು ಎಂಜಿನ್ ಚಾಲೂ ಮಾಡಿ, ಮೊಣಕಾಲುಮಟ್ಟ ಬಂದಿದ್ದ ನೀರಿನಲ್ಲಿ ಮೊದಲ ಖೇಪು ಹೊರಡಿಸಿದೆ. ಊರಾಚೆಯ ಎತ್ತರದ ಮಡ್ಡಿಯ ಮೇಲೆ ಮಳೆಯಲ್ಲಿ ಕಾಯುತ್ತಿದ್ದವರು ಆಮೇಲೆ ಹೇಳಿದರು: ಗಾಡಿ ಇನ್ನೂ ಹೊಲಗಳ ಆಚೆ ಇರುವಾಗಲೇ ಅಲ್ಲಿಂದ ಐನಾಪುರ ಎಂದು ಓದಲು ಬರುತ್ತಿತ್ತಂತೆ.