ಬಳೆ ತೆಗೆಯದೆ ಗುಂಡು ಎತ್ತಿದ್ದು

ನಮ್ಮೂರಿನಲ್ಲಿ ಗಂಡಸರು ಭಾರ ಎತ್ತಿದರೆ ಅದು ಸಾಹಸ, ಹೆಂಗಸರು ಎತ್ತಿದರೆ ಮನೆಗೆಲಸ. ಗರಡಿ ಮನೆಯ ಮುಂದಿರುವ ಸಂಗ್ರಾಣಿ ಕಲ್ಲನ್ನು ಯಾವನಾದರೂ ಮೊಣಕಾಲಿನವರೆಗೆ ಎತ್ತಿ ಕೆಡವಿದರೆ ಸಾಕು, ಅವನಿಗೆ ಪಟಕಾ ಸುತ್ತಿ, ಹಲಗೆ ಬಾರಿಸಿ, ಓಣಿ ಓಣಿ ಮೆರೆಸುತ್ತಾರೆ. ದಿನವಿಡೀ ಮೆಣಸಿನಕಾಯಿ ಚೀಲ ಹೊತ್ತು ಹಾಕುವ ಹೆಂಗಸರಿಗೆ ಯಾರೂ ಪಟಕಾ ಸುತ್ತಿದ್ದನ್ನು ನಾನಂತೂ ಕಂಡಿಲ್ಲ. ಕುಂದಗೋಳ ತಾಲೂಕಿನ ಇಂಥ ಊರಿನಲ್ಲಿ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿಕೊಂಡು, ನಲವತ್ತು ದಾಟಿ, ಮೊಮ್ಮಕ್ಕಳ ಕನಸು ಕಾಣುವ ವಯಸ್ಸಿನಲ್ಲಿ ನಾನು ಕೆಟಲ್‌ಬೆಲ್ ಎತ್ತಲು ಹೊರಟೆ.

ಶೌರ್ಯಕ್ಕೇನೂ ಹೊರಟದ್ದಲ್ಲ. ಬೋರ್ಡಿನ ಮೇಲ್ತುದಿಯಲ್ಲಿ ದಿನಾಂಕ ಬರೆಯಲು ಕೈ ಎತ್ತಿದರೆ ಭುಜ ಕಟಕಟ ಅನ್ನುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ನನ್ನ ಮುಖವನ್ನೂ ನೋಡದೆ "ವಯಸ್ಸಾತಲ್ರಿ" ಎಂದು ಗುಳಿಗೆ ಬರೆದುಕೊಟ್ಟರು. ನಮ್ಮ ಶಾಲೆಯ ಪಿ.ಟಿ. ಅಕ್ಕೋರು, ಅಂದರೆ ಆಟ ಕಲಿಸುವ ಟೀಚರು, ನನಗಿಂತ ಬಹಳ ಚಿಕ್ಕವಳು, ನಮ್ಮ ಓಣಿಯಲ್ಲೇ ಬಾಡಿಗೆಗಿದ್ದವಳು. ಅವಳು ಆ ಚೀಟಿ ನೋಡಿ, "ಗುಳಿಗಿ ಆಮ್ಯಾಲ ನುಂಗೀರಂತ, ಮೊದಲ ತಾಕತ್ತ ಮಾಡ್ಕೋರಿ" ಎಂದು ತನ್ನ ಕೆಟಲ್‌ಬೆಲ್ ತಂದು ನಮ್ಮ ಹಿತ್ತಲಿನಲ್ಲಿಟ್ಟಳು. ಮೇಲೊಂದು ಹಿಡಿಕೆ ಇರುವ ಕಬ್ಬಿಣದ ಗುಂಡು. ನಮ್ಮ ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಕಾಳಿನ ಅಂಗಡ್ಯಾನ ತೂಕದ ಕಲ್ಲು. ಯಾರದನ್ನ ಎತ್ಕೊಂಡ ಬಂದೀರಿ?" ಎಂದರು.

ಕೆಲವು ತಿಂಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಬೀಸುವುದರಲ್ಲಿ ಕಳೆದೆ. ಭುಜ ಸಡಿಲಾಯಿತು, ಆಸೆ ಬೆಳೆಯಿತು. ಪಿ.ಟಿ. ಅಕ್ಕೋರು ಮಾಡುವ ಸ್ನ್ಯಾಚ್ ನನಗೂ ಬೇಕೆನ್ನಿಸಿತು. ಗುಂಡನ್ನು ಒಂದೇ ಕೈಯಲ್ಲಿ ಕಾಲುಗಳ ನಡುವೆ ಹಿಂದಕ್ಕೆ ಬೀಸಿ, ಸೊಂಟದ ಒಂದೇ ನೂಕಿಗೆ ತಲೆಯ ಮೇಲಕ್ಕೆ ಒಯ್ದು ನಿಲ್ಲಿಸುವುದು. ಅವಳು ಮಾಡಿದರೆ ಗುಂಡು ಸಾಕಿದ ಪಾರಿವಾಳದ ಹಾಗೆ ಮೇಲೆ ಹೋಗಿ ಕೈಮೇಲೆ ಕೂರುತ್ತಿತ್ತು. ನಾನು ಮಾಡಿದರೆ ಮೇಲೆ ಹೋದದ್ದು ಅಲ್ಲೇ ಮಗುಚಿ, ಮುಂಗೈಗೆ ಧಪ್ಪನೆ ಬಡಿಯುತ್ತಿತ್ತು.

"ಮೊದಲ ಬಳಿ ತಗದ ಇಡ್ರಿ" ಎಂದಳು ಅವಳು. ಅತ್ತೆ ಹಿತ್ತಲ ಬಾಗಿಲಲ್ಲೇ ಕುಳಿತಿದ್ದರು. "ಗಂಡ ಕಲ್ಲಗುಂಡಿನಂಗ ಇರುವಾಗ ಬರಿಗೈ ಮಾಡ್ಕೊಂಡ ನಿಂದ್ರತಾಳೇನು?" ಎಂದರು. ಮೂಢನಂಬಿಕೆಯ ಬಗ್ಗೆ ಒಂಬತ್ತನೇ ತರಗತಿಗೆ ವರ್ಷವರ್ಷವೂ ಟೇಬಲ್ಲು ಗುದ್ದಿ ಪಾಠ ಮಾಡುವ ನಾನು ಬಳೆ ತೆಗೆಯಲಿಲ್ಲ. ಹಸಿರು ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ಬಿಗಿಯಾಗಿ ಏರಿಸಿ, ಮೇಲೊಂದು ಕರ್ಚೀಫು ಸುತ್ತಿ, ಭಾರೀ ಜಾಣತನ ಮಾಡಿದೆ ಎಂದುಕೊಂಡೆ. ಗುಂಡು ಸರಿಯಾಗಿ ಅಲ್ಲಿಗೇ ಬಂದು ಬಿತ್ತು. ಕೆಲವು ಬಳೆ ಪುಡಿಯಾದವು. ಉಳಿದವು ಮಾಂಸಕ್ಕೆ ಒತ್ತಿಕೊಂಡು, ಯಾರೋ ಬೆರಳೂರಿ ಹಿಂಡಿದ ಹಾಗೆ ಸಾಲಾಗಿ ಬಾಸುಂಡೆ ಎಬ್ಬಿಸಿದವು. ಇದು ಒಂದು ದಿನದ ಕತೆಯಲ್ಲ. ಬಳೆ ಒಡೆಯಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು ಎಂದು ಅತ್ತೆ ಕಲಿಸಿದ್ದರು. ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಆಗ ಹೆಚ್ಚಾಗದ ದಿನವೇ ಇರಲಿಲ್ಲ.

ಈಗ ಇದನ್ನೇ ಹಿತ್ತಲ ಗೋಡೆಯ ಆಚೆ ಕುಳಿತು ಕೇಳಿಸಿಕೊಳ್ಳಿ. ಆಚೆಗಿರುವವರು ಬಾಜೂ ಮನೆಯ ಕಾಕು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವವರು. ಬೆಳಗಾದರೆ ಅವರಿಗೆ ಕೇಳಿಸುವುದು ಧಪ್ ಎನ್ನುವ ಸದ್ದು, ಬಳೆ ಚೂರಾಗುವ ಸದ್ದು, "ಅಯ್ಯಯ್ಯೋ ಸತ್ತೆ" ಎನ್ನುವ ನನ್ನ ದನಿ. ಅದರ ಹಿಂದೆಯೇ ನಮ್ಮ ಯಜಮಾನರ ಉತ್ಸಾಹದ ದನಿ: "ಇನ್ನೊಂದು! ಇನ್ನೊಂದು!" ಪಾಪ, ಅವರು ಚಹಾದ ಗ್ಲಾಸು ಹಿಡಿದು ನನಗೆ ಹುರುಪು ತುಂಬುತ್ತಿದ್ದರು. ಹಲ್ಲಿ ಕಂಡರೆ ಮಂಚ ಹತ್ತುವ ಮನುಷ್ಯ ಅವರು. ಆದರೆ ಗೋಡೆಯ ಆಚೆಗೆ ಹಲ್ಲಿಯ ವಿಷಯ ಹೇಗೆ ತಿಳಿಯಬೇಕು?

ಒಂದು ಮಧ್ಯಾಹ್ನ ಕಾಕು ಬಟ್ಟಲಿನಲ್ಲಿ ಬಿಸಿ ಅರಿಶಿಣದ ಲೇಪ ಹಿಡಿದು ಬಂದರು. ನನ್ನ ಕೈ ಎಳೆದುಕೊಂಡು ಹಚ್ಚುತ್ತ, "ಗಂಡ ಹೆಂಡರ ಜಗಳ ಉಂಡ ಮಲಗೂತನಕ ಅಂತಾರವಾ. ನಿಮ್ಮದು ಎದ್ದ ಕೂಡಲೆ ಶುರು ಆದ್ರ ಹೆಂಗ?" ಎಂದರು. ನಾನು ನಗುತ್ತ ಗುಂಡನ್ನೇ ತಂದು ಅವರ ಮುಂದಿಟ್ಟು, ಎತ್ತಿ ತೋರಿಸಿ, ಎಲ್ಲಿ ಬಡಿಯುತ್ತದೆ ಎಂದು ವಿವರಿಸಿದೆ. ಕಾಕು ಶಾಂತವಾಗಿ ಕೇಳಿದರು. "ಹೌದವಾ ಹೌದು. ನಿಮ್ಮ ಕಾಕಾ ಇದ್ದಾಗ ನಾನೂ ಹಿಂಗ ಹೇಳತಿದ್ದೆ, ಬಾಗಲಾ ಬಡೀತು ಅಂತ. ನೀ ಓದಿದಾಕಿ. ನಿನ್ನ ಸುಳ್ಳಿಗೆ ಹಿಡಿಕಿ ಐತಿ, ಅಷ್ಟ."

ನನ್ನ ನಗೆ ಅಲ್ಲಿಗೆ ನಿಂತಿತು. ಹೊಡೆಸಿಕೊಂಡವಳು ಹೇಳುವ ಸುಳ್ಳು, ಹೊಡೆಸಿಕೊಳ್ಳದವಳು ಹೇಳುವ ನಿಜ, ಎರಡೂ ಒಂದೇ ಹಾಗೆ ಕೇಳಿಸಿದರೆ ನಾನು ಯಾರಿಗೆ ಏನು ಹೇಳಲಿ?

ಊರಿಗೆ ಊರೇ ನನಗೆ ಮರುಗಿತು. ಬಳೆ ತೊಡಿಸಲು ಬಂದ ಬಳೆಗಾರ್ತಿ ಕೈ ನೋಡಿ ಲೊಚಗುಟ್ಟಿದಳು. ಸ್ಟಾಫ್ ರೂಮಿಗೆ ನಾನು ಹೋದ ಕೂಡಲೇ ಮಾತು ನಿಲ್ಲುತ್ತಿತ್ತು, ನನ್ನ ಡಬ್ಬಿಗೆ ಯಾರೋ ಹೋಳಿಗೆ ಹಾಕುತ್ತಿದ್ದರು. ಇಷ್ಟೆಲ್ಲ ಕರುಣೆಯ ನಡುವೆ, "ಯಾಕೋ ಮಾರಾಯಾ, ಹೆಂಡತಿಗೆ ಹೊಡೀತೀಯಂತ?" ಎಂದು ನಮ್ಮ ಯಜಮಾನರನ್ನು ಕೇಳಿದವನು ಒಬ್ಬನೂ ಇಲ್ಲ. ನನಗೆ ಹೋಳಿಗೆ, ಅವರಿಗೆ ಕುರ್ಚಿ. ಹೌದು, ಕುರ್ಚಿ! ಸೊಸೈಟಿಯಲ್ಲಿ ಗುಮಾಸ್ತರಾಗಿದ್ದ ಅವರನ್ನು ಊರು ಅಲ್ಲಿಯವರೆಗೆ 'ಅಕ್ಕೋರ ಗಂಡ' ಎಂದೇ ಕರೆಯುತ್ತಿತ್ತು. ಚಹಾದಂಗಡಿಯಲ್ಲಿ ನಿಂತು ಕುಡಿದು ಬರುವ ಗಿರಾಕಿ. ಈಗ ಅವರು ಹೋದರೆ ಯಾರಾದರೂ ಎದ್ದು ಜಾಗ ಬಿಡುತ್ತಿದ್ದರು. "ಬರ್ರಿ ಸಾಹೇಬ್ರ, ಕೂಡ್ರಿ" ಎನ್ನುತ್ತಿದ್ದರು. ನಮ್ಮವರು ಕೂತರು. ಸ್ವಲ್ಪ ದಿನ ಕಳೆದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತರು. ಆಮೇಲೆ ಮೀಸೆಗೆ ಎಣ್ಣೆ ಹಚ್ಚಲು ಶುರು ಮಾಡಿದರು. ನಾನು ಅವರ ಬೆನ್ನ ಹಿಂದೆ ನಿಂತು ಕನ್ನಡಿಯಲ್ಲಿ ಎಲ್ಲ ನೋಡುತ್ತಿದ್ದೆ.

"ನಾ ಹೇಳಿದ್ರ ಯಾರೂ ನಂಬೂದಿಲ್ರಿ. ನೀವ ಒಂದ ಮಾತ ಹೇಳ್ರಿ, ನಾ ಹೊಡದಿಲ್ಲ ಅಂತ" ಎಂದು ಕೇಳಿದೆ.

"ಮಂದಿ ಬಾಯಿಗೆ ಬೀಗಾ ಹಾಕಾಕ ಆಗತೈತೇನು? ತಾವ ಮರೀತಾರ, ಬಿಡು" ಎಂದರು.

"ಬೀಗಾ ಹಾಕಬ್ಯಾಡ್ರಿ. ನಿಮ್ಮ ಬಾಯಿ ತಗೀರಿ."

"ಹೇಳ್ತೀನಿ, ಹೊತ್ತ ನೋಡಿ ಹೇಳ್ತೀನಿ." ಆ ಹೊತ್ತು ಬರಲೇ ಇಲ್ಲ. ಅತ್ತೆಗೂ ನಿಜ ಗೊತ್ತಿತ್ತು. ಅವರೂ ಹೇಳಲಿಲ್ಲ. ಮಗ ಇಷ್ಟು ವರ್ಷಕ್ಕೆ ಗಂಡಸಾಗಿದ್ದ, ಅದನ್ನು ಅವರೇ ಯಾಕೆ ಕೆಡಿಸಿಯಾರು? ನನಗೆ ಸಿಟ್ಟು ನೆತ್ತಿಗೇರಿತು. ಹೊಡೆಯದ ಗಂಡನನ್ನು ಕಟ್ಟಿಕೊಂಡು ಹೊಡೆಸಿಕೊಂಡವಳ ಬದುಕು ಬದುಕುವ ಕರ್ಮ ಯಾರಿಗೆ ಬೇಕು?

ಸಿಟ್ಟಿನಿಂದ ಒಂದು ಉಪಕಾರವಾಯಿತು. ಆ ಭಾನುವಾರ ಬಳೆ ಎಲ್ಲ ತೆಗೆದು ತುಳಸಿಕಟ್ಟೆಯ ಮೇಲಿಟ್ಟೆ. ಅತ್ತೆ ಹಾಂ ಹಾಂ ಎಂದರು. "ನಿಮ್ಮ ಮಗನ ಆಯುಷ್ಯ ಗಾಜಿನ ಮ್ಯಾಲ ನಿಂತಿದ್ರ ಇಷ್ಟೊತ್ತಿಗೆ ಹೋಗಿರತಿತ್ತು, ಅತ್ತಿ. ದಿನಾ ಒಡೀತಾವು" ಎಂದೆ. ಒಡೆಯುತ್ತವೆ ಎಂದೇ ಅಂದೆ. ಅವರು ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು.

ಬರಿಗೈ ಕಂಡ ಮೇಲೆಯೇ ಪಿ.ಟಿ. ಅಕ್ಕೋರಿಗೆ ನನ್ನ ತಪ್ಪು ಸ್ಪಷ್ಟವಾಗಿ ಕಂಡದ್ದು. ಬಳೆ ಜಾರಬಾರದೆಂದು ನಾನು ಮುಂಗೈ ಬಿಗಿ ಹಿಡಿಯುತ್ತಿದ್ದೆ, ಅದರ ಜೊತೆಗೆ ಹಿಡಿಕೆಯನ್ನೂ ಎಮ್ಮೆಯ ಹಗ್ಗದ ಹಾಗೆ ಬಿಗಿ ಹಿಡಿಯುತ್ತಿದ್ದೆ. ಗುಂಡು ಮೈಯಿಂದ ದೂರ ಹೋಗಿ, ದೊಡ್ಡ ಸುತ್ತು ಹಾಕಿ, ಮೇಲಿಂದ ಮಗುಚಿ ಬೀಳುತ್ತಿತ್ತು. "ಗುಂಡ ನಿಮ್ಮ ಕೈ ಸುತ್ತ ಬರಬಾರದ್ರಿ. ನಿಮ್ಮ ಕೈ ಗುಂಡಿನ ಸುತ್ತ ಹೋಗಬೇಕು" ಎಂದಳು. ಅದನ್ನು ಮೈಗೆ ಹತ್ತಿರವೇ ಇಟ್ಟು ಮೇಲೇರಿಸಬೇಕು. ಮೊಣಕೈ ಮಡಿಸಬೇಕು. ಗುಂಡು ಹಗುರಾಗಿ ತೇಲುವ ಆ ಕ್ಷಣದಲ್ಲಿ ಬೆರಳು ಸಡಿಲಿಸಿ, ಅಂಗಿಯ ತೋಳಿನಲ್ಲಿ ಕೈ ತೂರಿಸಿದ ಹಾಗೆ ಹಿಡಿಕೆಯೊಳಗೆ ಕೈಯನ್ನು ಆಕಾಶದ ಕಡೆಗೆ ತೂರಬೇಕು. ಹಿಡಿಕೆ ಅಂಗೈಯಲ್ಲಿ ಓರೆಯಾಗಿ ಕೂರಬೇಕು, ಮಣಿಕಟ್ಟು ನೇರ ನಿಲ್ಲಬೇಕು. ಗುಂಡು ಬಂದು ಬಡಿಯುವ ಮೊದಲೇ ಕೈ ಅಲ್ಲಿ ಹೋಗಿ ಕಾಯುತ್ತಿರಬೇಕು. ಹೇಳಿದಷ್ಟು ಸುಲಭವಲ್ಲ, ಬಿಡುವುದನ್ನು ಕಲಿಯಲು ನನಗೆ ಒಂದು ಮಳೆಗಾಲವೇ ಹಿಡಿಯಿತು. ಹೆದರಿ ಕೈಬಿಟ್ಟಾಗಲೆಲ್ಲ ಗುಂಡು ಹಿತ್ತಲಿನ ಎರೆ ಮಣ್ಣಿನಲ್ಲಿ ಅರ್ಧ ಹೂತು ಹೋಗುತ್ತಿತ್ತು. ಆದರೆ ಒಂದು ಬೆಳಿಗ್ಗೆ ಅದು ಮೇಲೆ ಹೋಯಿತು, ಸದ್ದಿಲ್ಲದೆ ಮುಂಗೈಗೆ ಒರಗಿ ನಿಂತಿತು. ನಾನು ಅದನ್ನು ತಲೆಯ ಮೇಲೆ ಹಿಡಿದುಕೊಂಡೇ ಜೋರಾಗಿ ನಕ್ಕೆ.

ಬಾಸುಂಡೆ ಮಾಯವಾದವು. ಊರು ಅದಕ್ಕೂ ಕಾರಣ ಹುಡುಕಿತು. "ಶನಿವಾರ ಶನಿವಾರ ಹಣಮಪ್ಪಗ ಎಣ್ಣಿ ಹಾಕತಿದ್ದೆ, ನಿನ್ನ ಗಂಡ ಸುಧಾರಿಸಲಿ ಅಂತ. ಕಣ್ಣ ತೆರದಾ ನೋಡು" ಎಂದು ಕಾಕು ಪ್ರಸಾದ ತಂದುಕೊಟ್ಟರು. ಇಡೀ ಮಳೆಗಾಲ ಗುಂಡು ಎತ್ತಿದ್ದು ನಾನು, ಸುಧಾರಿಸಿದ್ದು ಅವರು! ಹೊಡೆದವನಿಗೆ ಬರೀ ಕುರ್ಚಿ. ಹೊಡೆಯುವುದನ್ನು ಬಿಟ್ಟವನಿಗೆ ಕುರ್ಚಿಯ ಜೊತೆಗೆ ಖಾರದ ಮಂಡಕ್ಕಿಯೂ ಬಂತು. ಊರಿನ ಹಿರಿಯರ ಸಾಲಿನಲ್ಲಿ ನಮ್ಮವರ ಹೆಸರು ಸೇರಿತು.

ಹಾಗೆ ಸೇರಿದ್ದರಿಂದಲೇ ಅವರಿಗೆ ಕರೆ ಬಂತು. ಕಾಕುವಿನ ತಂಗಿಯ ಮಗಳು ಗಂಡನ ಹೊಡೆತ ತಾಳದೆ ನವಲಗುಂದದ ಕಡೆಯ ಹಳ್ಳಿಯಿಂದ ಕಾಕುವಿನ ಮನೆಗೆ ಬಂದುಬಿಟ್ಟಿದ್ದಳು. ಕರೆದುಕೊಂಡು ಹೋಗಲು ಗಂಡ ಬಂದಿದ್ದ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಹಿರಿಯರು ಕೂತಿದ್ದರು. ಹುಡುಗಿಯ ಬಟ್ಟೆಯ ಗಂಟು ಆಗಲೇ ಕಟ್ಟಿ ಒಳಬಾಗಿಲಲ್ಲಿ ಇಟ್ಟಿತ್ತು. ಅಂದರೆ ತೀರ್ಮಾನ ಮೊದಲೇ ಆಗಿತ್ತು, ಬುದ್ಧಿಮಾತೊಂದು ಬಾಕಿ. "ಇವ್ರು ತಿದ್ಕೊಂಡ ಮನಶ್ಯಾರು, ಇವ್ರು ಹೇಳಲಿ" ಎಂದು ನಮ್ಮವರನ್ನು ನಡುವೆ ಕೂರಿಸಿದರು. ನಾನು ಹೆಂಗಸರ ಜೊತೆ ಗೋಡೆಗೆ ಒರಗಿ ಕೂತಿದ್ದೆ. ಈಗಲಾದರೂ ಹೇಳಿಯಾರು, ಇದಕ್ಕಿಂತ ಒಳ್ಳೆಯ ಹೊತ್ತು ಇನ್ನಾವುದು ಎಂದು ಅವರ ಮುಖವನ್ನೇ ನೋಡಿದೆ.

ಅವರು ಮೀಸೆ ಮುಟ್ಟಿಕೊಂಡರು. "ನೋಡು ತಮ್ಮಾ, ನಾನೂ ಒಂದ ಕಾಲಕ್ಕ ಭಾಳ ಸಿಟ್ಟಿನ ಮನಶ್ಯಾ. ಆದ್ರ ಸಿಟ್ಟ ಅನ್ನೂದು..." ಎಂದು ಶುರು ಮಾಡಿದರು. ಹಲ್ಲಿಗೆ ಹೆದರುವ ಮನುಷ್ಯ! ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಒಂದು ಗಳಿಗೆ ನನಗೇ ಅವರು ನಿಜಕ್ಕೂ ಹೊಡೆದಿದ್ದರೇನೋ ಎನ್ನಿಸಿತು. ಆ ಗಂಡ ತಲೆದೂಗುತ್ತಿದ್ದ. ಹಿರಿಯರು ತಲೆದೂಗುತ್ತಿದ್ದರು.

ಹುಡುಗಿ ಮಾತ್ರ ನನ್ನ ಕಡೆ ತಿರುಗಿದಳು. ಅವಳ ತುಟಿಯ ಅಂಚು ಇನ್ನೂ ಊದಿತ್ತು. ಮೆಲ್ಲಗೆ ಕೇಳಿದಳು: "ಅಕ್ಕೋರ, ಖರೇ ಹೇಳ್ರಿ. ಹೊಡಿಯೂದು ಬಿಡ್ತಾರೇನ್ರಿ? ನಿಮ್ಮವ್ರು ಬಿಟ್ರಂತ, ಅದಕ್ಕ ಹೋಗಾಕ ಒಪ್ಪೀನಿ."

ನಾನು ಗೋಡೆ ಬಿಟ್ಟು ಎದ್ದು ನಿಂತೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನಮ್ಮವ್ರು ಬಿಟ್ಟಿಲ್ಲವಾ. ಅವ್ರು ಯಾವತ್ತೂ ಹೊಡದೇ ಇಲ್ಲ. ನನಗ ಬಡದದ್ದು ಕಬ್ಬಿಣದ ಗುಂಡು. ಇವ್ರಿಗೆ ಅದು ಗೊತ್ತೈತಿ, ಹೇಳಲಿಲ್ಲ."

ನಮ್ಮವರ ಮಾತು ಅರ್ಧಕ್ಕೇ ನಿಂತಿತು. ಹುಡುಗಿ ನಮ್ಮವರನ್ನು ನೋಡಲಿಲ್ಲ, ತನ್ನ ಗಂಡನನ್ನೂ ನೋಡಲಿಲ್ಲ. ಜಮಖಾನೆಯ ಮೇಲೆ ಕೂತಿದ್ದ ಹಿರಿಯರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದಳು.

"ಹಂಗಾದ್ರ, ಹೊಡಿಯೂದು ಬಿಟ್ಟವ್ರು ಒಬ್ಬರೂ ಇಲ್ಲೇನ್ರಿ?"

ಹಿರಿಯರೆಲ್ಲ ಜಮಖಾನೆಯ ನೂಲು ಎಣಿಸತೊಡಗಿದರು. ಕಾಕು ಎದ್ದು ಒಳಬಾಗಿಲಿಗೆ ಹೋಗಿ, ನೆಲದ ಮೇಲೆ ಕೂತು, ಬಟ್ಟೆಯ ಗಂಟು ಬಿಚ್ಚತೊಡಗಿದರು.