ಕದ್ದ ಲೋಳೆಸರ

ವಿದ್ಯಾರಣ್ಯಪುರದ ನಮ್ಮ ಮನೆಯ ತಾರಸಿಯಲ್ಲಿ ಪುಟ್ಟ ಲೋಳೆಸರಗಳದ್ದೇ ದರ್ಬಾರು. ಮುಖಕ್ಕೆ ಹಚ್ಚುವ ದೊಡ್ಡ ಜಾತಿಯಲ್ಲ; ಎಲೆಯ ಮೇಲೆ ಬಿಳಿ ಚುಕ್ಕೆಗಳಿರುವ, ಅಂಗೈಯಗಲಕ್ಕಿಂತ ಹೆಚ್ಚು ಬೆಳೆಯದ ಜಾತಿ. ಮರಳು, ಇಟ್ಟಿಗೆ ಚೂರು, ಒಂದಿಷ್ಟು ಮಣ್ಣು ಹಾಕಿ ಬಿಸಿಲಿಗಿಟ್ಟು ಸುಮ್ಮನಿದ್ದರೆ ಸಾಕು, ಬುಡದಲ್ಲಿ ಮರಿಗಳು ಬರುತ್ತವೆ. ಸುಮ್ಮನಿರುವುದೇ ಕಷ್ಟ. ನನ್ನಂಥ ಬಾಯಿಬಡುಕಿಗೆ ಅದನ್ನು ಕಲಿಯಲು ವರ್ಷಗಳೇ ಹಿಡಿದವು.

ಎದುರು ಮನೆಯವರು ನಿವೃತ್ತ ಶಿಕ್ಷಕಿ, ಬೀದಿಗೆಲ್ಲ 'ಟೀಚರ್'. ಅವರ ಯಜಮಾನರು ಬೆಳೆಸಿದ್ದ ಗುಲಾಬಿ, ಸೇವಂತಿಗೆಗಳೆಲ್ಲ, ಯಜಮಾನರು ತೀರಿಕೊಂಡ ಮೇಲೆ ಟೀಚರ್ ಕೈಯಲ್ಲಿ ಒಂದೊಂದಾಗಿ ಸತ್ತವು.

"ನನ್ನ ಕೈಗುಣವೇ ಸರಿಯಿಲ್ಲ ಕಣ್ರೀ. ಮುಟ್ಟಿದ್ದೆಲ್ಲ ಹೋಗುತ್ತೆ," ಎನ್ನುತ್ತಿದ್ದರು. ಅದು ಬರೀ ಗಿಡದ ಮಾತಲ್ಲ ಎಂದು ನನಗೆ ಗೊತ್ತಿತ್ತು. ಹಾಸಿಗೆ ಹಿಡಿದ ಯಜಮಾನರಿಗೆ ಕೊನೆಯವರೆಗೆ ಉಣಿಸಿದ್ದೂ ಅದೇ ಕೈ.

ಒಂದು ಮರಿ ಕೊಟ್ಟೆ. ಕೊಳೆಯಿತು. ಇನ್ನೊಂದು ಕೊಟ್ಟೆ, ಅದೂ ಅಷ್ಟೇ. ಹೋಗಿ ನೋಡಿದರೆ ಕುಂಡದ ತುಂಬ ಕೆಸರು!

"ನೀರು ಹಾಕ್ಬೇಡಿ ಅಂತ ಬಡ್ಕೊಂಡೆನಲ್ಲ ಟೀಚರ್!"

"ನೀವು ಪ್ರೀತಿಯಿಂದ ಕೊಟ್ಟಿದ್ದು, ಒಣಗಿಸೋಕೆ ಮನಸ್ಸು ಬರುತ್ತೇನ್ರೀ? ಅಕ್ಕಿ ತೊಳೆದ ನೀರು ಎರಡೂ ಹೊತ್ತು ಹಾಕ್ತಿದ್ದೆ."

ಮತ್ತೊಂದು ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡರು. "ಬೇಡ ಕಣಮ್ಮ, ಇನ್ನೊಂದು ಜೀವ ನನ್ನಿಂದ ಹೋಗೋದು ಬೇಡ."

ನನಗೆ ರೇಗಿಹೋಯಿತು. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆಂದು ನಮ್ಮ ಬೀದಿಯ ಹೆಂಗಸರೆಲ್ಲ ನಂಬುತ್ತಾರೆ. "ಹಂಗಾದ್ರೆ ಕದ್ದುಬುಡಿ! ಕಾಂಪೌಂಡ್ ಮೇಲೆ ಇಟ್ಟಿರ್ತೀನಿ, ನಾನು ನೋಡಲ್ಲ."

"ಅಯ್ಯೋ ಯೇಸುವೇ! ಜೀವಮಾನವೆಲ್ಲ ಮಕ್ಕಳಿಗೆ ಕದೀಬಾರ್ದು ಅಂತ ಹೇಳ್ಕೊಟ್ಟೋಳು ನಾನು. ಫಾದರ್ ಮುಂದೆ ಏನಂತ ಪಾಪನಿವೇದನೆ ಮಾಡ್ಲಿ?"

ಅದೇ ವಾರ ಕಾಂಪೌಂಡಿನಿಂದ ಮೊಸರಿನ ಡಬ್ಬಿಯೊಂದು, ಅದರಲ್ಲಿದ್ದ ಮರಿಯ ಸಮೇತ ಮಾಯ. ನನಗೆ ಕುಣಿಯುವಷ್ಟು ಖುಷಿ! ಆದರೆ ಅಂದಿನಿಂದ ಟೀಚರ್ ನನ್ನನ್ನು ಕಂಡರೆ ಕೊಡೆ ಅಡ್ಡ ಹಿಡಿದು ಹೋಗತೊಡಗಿದರು. ಕೇಳುವಂತಿಲ್ಲ, ಬಿಡುವಂತಿಲ್ಲ. ತಿಂಗಳುಗಟ್ಟಲೆ ಮಾತು ನುಂಗಿಕೊಂಡು ಒದ್ದಾಡಿದೆ. ಇದೂ ಸತ್ತರೆ ಅವರು ಇನ್ನು ಯಾವ ಗಿಡವನ್ನೂ ಮುಟ್ಟುವುದಿಲ್ಲ ಎಂದು ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಅವರೇ ಬಂದು ನನ್ನ ರಟ್ಟೆ ಹಿಡಿದೆಳೆದರು. "ಬನ್ರೀ ಮೇಲೆ."

ಅವರ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಮರೆಯಲ್ಲಿ, ಸುಡುವ ಬಿಸಿಲಿಗೆ ಆ ಡಬ್ಬಿ ಕೂತಿತ್ತು. ಡಬ್ಬಿ ಬಿರಿಯುವಷ್ಟು ಮರಿಗಳು! ನಡುವೆ ಉದ್ದ ಕಡ್ಡಿಯ ತುದಿಗೆ ಕಿತ್ತಳೆ ಬಣ್ಣದ ಹೂ.

"ನಾಚಿಕೆಗೆ ಇಲ್ಲಿ ಬಚ್ಚಿಟ್ಟುಬುಟ್ಟೆ ಕಣ್ರೀ. ಅದರ ಮುಖ ನೋಡೋಕೂ ಧೈರ್ಯ ಬರ್ಲಿಲ್ಲ, ಇನ್ನು ನೀರೆಲ್ಲಿ ಹಾಕ್ಲಿ? ನಿನ್ನೆ ಫಾದರ್ ಹತ್ರ ಹೇಳ್ಕೊಂಡೆ. ನಕ್ಕುಬುಟ್ರು. ಗಿಡದವರಿಗೆ ಹೋಗಿ ಹೇಳಿ ಅಂದ್ರು. ಸತ್ತಿರುತ್ತೆ ಅಂತಾನೇ ಮೇಲೆ ಬಂದೆ..."

ನನಗೆ ನಗು ತಡೆಯಲಾಗಲಿಲ್ಲ. ಟೀಚರ್ ಮಾತ್ರ ಹೂವನ್ನು ಬಿಟ್ಟು ತಮ್ಮ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಹಾಗಾದ್ರೆ ನಮ್ಮ ಯಜಮಾನ್ರು ನನ್ನ ಕೈಯಿಂದ ಹೋಗಿದ್ದಲ್ಲ, ಅಲ್ವೇನ್ರೀ?"

"ಅಲ್ಲ ಟೀಚರ್. ಖಂಡಿತ ಅಲ್ಲ," ಎಂದು ಆ ಎರಡೂ ಕೈ ಹಿಡಿದುಕೊಂಡೆ. ಇಬ್ಬರೂ ಚೆನ್ನಾಗಿ ಅತ್ತೆವು. ಆಮೇಲೆ ಅವರು ಮೂಗು ಒರೆಸಿಕೊಂಡು, ಸೆರಗು ಸಿಕ್ಕಿಸಿ, ಡಬ್ಬಿಯ ಮುಂದೆ ಕೂತು ಮರಿಗಳನ್ನು ಬಿಡಿಸತೊಡಗಿದರು.