ಕಂಬಿ ಬಿಟ್ಟ ಮನೆಗೆ ಬಿಳಿ ತಾರಸಿ

ಹದಿನೆಂಟು ಸಾವಿರದ ನಾನೂರು ರೂಪಾಯಿ ಆಯಿತು. ಅಂಗಡಿಯವನು ಮೊದಲು ಬಾಯಿ ಬಿಟ್ಟಾಗ ಹೇಳಿದ್ದು ಇಪ್ಪತ್ತಮೂರು. ಎರಡು ಸಲ ಮೆಟ್ಟಿಲಿಳಿದು ಹೋಗುವ ಹಾಗೆ ಮಾಡಿ, ಮೂರನೇ ಸಲ ನಿಜವಾಗಿಯೂ ಸ್ಕೂಟರ್ ಸ್ಟಾರ್ಟ್ ಮಾಡಿದ ಮೇಲೆ ದಾರಿಗೆ ಬಂದ. ಬಿಸಿಲನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುವ ಬಿಳಿ ಪೇಂಟು, ಇಬ್ಬರಿಗೆ ಎರಡು ದಿನದ ಕೂಲಿ, ಎಲ್ಲ ಸೇರಿ ಇಷ್ಟು. ಮನೆಯ ಮುಂಭಾಗಕ್ಕೆ ಬಳಿಸಿದ್ದರೆ ಹೋಗಿ ಬರುವವರಾದರೂ ನೋಡುತ್ತಿದ್ದರು. ನಾನು ಬಳಿಸಿದ್ದು ತಾರಸಿಗೆ, ಕಾಗೆ ಬಿಟ್ಟರೆ ಇನ್ಯಾರಿಗೂ ಕಾಣದ ಜಾಗಕ್ಕೆ.

ಯಾಕೆ ಅಂದರೆ ನನ್ನ ನಾಲ್ಕನೇ ಮಹಡಿಯ ಬಾಡಿಗೆದಾರ. ಕಲಬುರಗಿ ಕಡೆಯವನು, ನಮ್ಮ ಪಟ್ಟಂದೂರು ಅಗ್ರಹಾರದ ಪಕ್ಕದ ಐಟಿ ಪಾರ್ಕಿನಲ್ಲಿ ರಾತ್ರಿ ಪಾಳಿಯ ಸೆಕ್ಯೂರಿಟಿ. ರಾತ್ರಿ ಕಾಯುವವನು ಹಗಲು ಮಲಗಬೇಕು. ಹಗಲು ಮಲಗುವವನಿಗೆ ಹುಡುಕಿ ಹುಡುಕಿ ಬೀದಿಯಲ್ಲೇ ಅತಿ ಹೆಚ್ಚು ಕಾಯುವ ಮನೆ ಕೊಟ್ಟವನು ನಾನು. ಹಿಂದಿನ ಬೇಸಿಗೆಗಳನ್ನು ಹೇಗೋ ತಳ್ಳಿದವನು ಮಾರ್ಚಿನಲ್ಲಿ ಒಂದು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ನಿಂತ.

“ಯಜಮಾನ್ರ, ಮನಿ ಬಿಡ್ತೀನ್ರಿ.”

“ಯಾಕಪ್ಪ, ನೀರು ಬರ್ತಿಲ್ವಾ?”

“ನೀರು ಬರ್ತದ್ರೀ, ನಿದ್ದಿ ಬರವಲ್ದು. ಮಲಗಿದ್ರ ಹಂಚಿನ ಮ್ಯಾಲ ರೊಟ್ಟಿ ಹಾಕ್ದಂಗ ಆಗ್ತದ. ಅರ್ಧ ತಾಸಿಗೊಮ್ಮೆ ಮಗ್ಗಲ ಬದಲಿಸ್ತೀನಿ, ಎರಡೂ ಕಡಿ ಬೇಯ್ಲಿ ಅಂತ.”

ನಾಲ್ಕು ವರ್ಷದಲ್ಲಿ ಒಂದು ತಿಂಗಳೂ ಬಾಡಿಗೆ ತಡ ಮಾಡಿದವನಲ್ಲ. ಅಂಥವನನ್ನು ಕಳಿಸಿ, ಟು-ಲೆಟ್ ಬೋರ್ಡು ನೇತುಹಾಕಿ, ಎರಡು ತಿಂಗಳು ಮನೆ ಖಾಲಿ ಇಟ್ಟುಕೊಂಡು ಕೂರುವುದಕ್ಕಿಂತ ಪೇಂಟೇ ಅಗ್ಗ. ಬಳಿಸಿದೆ. ವಾರ ಬಿಟ್ಟು ಹೇಗಿದೆ ಅಂತ ಕೇಳಿದರೆ, “ನಿನ್ನಿ ಅಲಾರಾಂ ಹೊಡದ್ರೂ ಎಚ್ಚರ ಆಗ್ಲಿಲ್ರಿ, ಡ್ಯೂಟಿಗೆ ಲೇಟಾಯ್ತು” ಅಂತ ನನ್ನನ್ನೇ ದೂರಿದ.

ಇದಾಗಿ ತಿಂಗಳಿಗೆ, ಕುತ್ತಿಗೆಯಲ್ಲಿ ಐಡಿ ಕಾರ್ಡು ನೇತಾಡಿಸಿಕೊಂಡ ಮೇಡಂ ಒಬ್ಬರು ಬೆಳಿಗ್ಗೆ ಬೆಳಿಗ್ಗೆ ಗೇಟಿನ ಮುಂದೆ ನಿಂತು, “ಇದು ನಿಮ್ಮ ಬಿಲ್ಡಿಂಗಾ ಸಾರ್?” ಅಂದರು. ಪ್ಲ್ಯಾನಿನಲ್ಲಿ ಎರಡು ಮಹಡಿ, ನೆಲದ ಮೇಲೆ ನಾಲ್ಕು. ನಮ್ಮ ಕಡೆಯ ಯಾವ ಓನರೂ ಐಡಿ ಕಾರ್ಡಿಗೆ ಹೌದು ಅನ್ನುವುದಿಲ್ಲ. “ಅಲ್ಲ ಮೇಡಂ, ನಾನು ಮೀಟರ್ ನೋಡೋಕೆ ಬಂದೋನು” ಅಂದೆ. ಲುಂಗಿ ಬನಿಯನ್ನಿನಲ್ಲಿದ್ದೆ, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ಅಷ್ಟರಲ್ಲಿ ಮೇಲಿಂದ ನನ್ನ ಹೆಂಡತಿ ಕೂಗಿದಳು: “ರೀ, ಕಾಫಿ ಆರ್ತಾ ಇದೆ!”

ಮೇಡಂ ನಗದೇ ಹೇಳಿದರು. “ನಾನು ಮಹಡಿ ಎಣಿಸೋಕೆ ಬಂದಿಲ್ಲ ಸಾರ್. ಆಕಾಶದಿಂದ ತೆಗೆದ ಫೋಟೋದಲ್ಲಿ ಈ ಏರಿಯಾದಲ್ಲಿ ಒಂದೇ ಒಂದು ತಾರಸಿ ಬೆಳ್ಳಗಿದೆ. ಯಾರು ಮಾಡಿಸಿದ್ರು, ಯಾಕೆ ಮಾಡಿಸಿದ್ರು ಅಂತ ಕೇಳೋಕೆ ಬಂದೆ.”

ಕಾಗೆಗಿಂತ ಮೇಲಿಂದ ನೋಡುವವರೂ ಇದ್ದಾರೆ ಅಂತ ಅವತ್ತು ಗೊತ್ತಾಯಿತು. ಕಾಫಿ ಕೊಟ್ಟು ಕೂರಿಸಿದೆ. ಕಟ್ಟಡಗಳು ಕರೆಂಟು ಕಡಿಮೆ ತಿನ್ನುವ ಹಾಗೆ ನಗರಕ್ಕೆ ಒಂದು ನೀತಿ ಬರೆದುಕೊಡುವ ತಂಡದವರಂತೆ. ದೊಡ್ಡ ದೊಡ್ಡ ಗಾಜಿನ ಆಫೀಸುಗಳಿಗೆ ನಿಯಮ ಬರೆದು ಮುಗಿಸಿದ್ದರು. ನಮ್ಮಂಥ ಬಾಡಿಗೆ ಮನೆಗಳಿಗೂ ಒಂದು ಅಧ್ಯಾಯ ಬರೆದಿದ್ದರು: ತಾರಸಿ ಬಿಳಿ ಮಾಡಿದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ.

“ಸಣ್ಣ ಮನೆಯವರು ಯಾರೂ ಮಾಡಲ್ಲ, ಆ ಅಧ್ಯಾಯ ಕಿತ್ತು ಹಾಕಿ ಅಂತ ಮೇಲಿನವರು ಹೇಳ್ತಿದಾರೆ,” ಅಂದರು ಮೇಡಂ. “ಒಂದೇ ಊರಲ್ಲಿ ಹತ್ತು ತಾರಸಿ ತೋರಿಸಿದ್ರೆ ಉಳಿಸ್ಕೋಬಹುದು.”

“ಹತ್ತು ಯಾಕೆ ಮೇಡಂ, ನಂದು ಬಿಟ್ಟು ಹನ್ನೆರಡು ಕೊಡ್ತೀನಿ” ಅಂದೆ. ಕೇಳಿದ್ದಕ್ಕಿಂತ ಜಾಸ್ತಿ ಕೊಡ್ತೀನಿ ಅಂತ ನಾನು ಹೇಳಿದ್ದು ಜೀವನದಲ್ಲಿ ಅದೊಂದೇ ಸಲ. ರಿಯಾಯಿತಿ ಅನ್ನುವ ಪದ ಕಿವಿಗೆ ಬಿದ್ದರೆ ನನಗೆ ಹಾಗಾಗುತ್ತದೆ.

ಹೇಳಿದಷ್ಟು ಸುಲಭ ಇರಲಿಲ್ಲ. ನಮ್ಮ ಕಡೆ ಮನೆ ಕಟ್ಟಿದವರು ತಾರಸಿಯ ಮೇಲೆ ಪಿಲ್ಲರಿನ ಕಂಬಿಗಳನ್ನು ಆಳೆತ್ತರ ಹಾಗೇ ಬಿಟ್ಟಿರುತ್ತಾರೆ, ಮುಂದಿನ ಮಹಡಿಗೆ ಅಂತ. ಹಾಗಾಗಿ ಅದು ಯಾರ ಕಣ್ಣಿಗೂ ತಾರಸಿ ಅಲ್ಲ, ಇನ್ನೂ ಕಟ್ಟದ ಮನೆಯ ನೆಲ. ನಾನು ಮೊದಲು ಹೋದದ್ದು ದೊಡ್ಡಪ್ಪನ ಮಗನ ಹತ್ತಿರ. ಅವನು ಒಪ್ಪಿದರೆ ಅಕ್ಕಪಕ್ಕದ ಮನೆಗಳಲ್ಲಿರುವ ಉಳಿದ ನೆಂಟರೆಲ್ಲ ಒಪ್ಪಿದ ಹಾಗೆ.

“ಏನ್ಲಾ, ನಾಳೆ ಮನೆ ಕಟ್ಟೋ ಜಾಗಕ್ಕೆ ಇವತ್ತು ಬಣ್ಣ ಬಳಿಯಾಕೆ ನಂಗೇನ್ ತಲೆ ಕೆಟ್ಟದಾ?”

“ಅಣ್ಣ, ಕಂಬಿ ಬಿಟ್ಟು ಎಷ್ಟು ವರ್ಷ ಆಯ್ತು?”

“ಮಗಳ ನಾಮಕರಣ ಆಯ್ತಲ್ಲ, ಆ ವರ್ಷ.”

“ಮಗಳು ಈಗೆಲ್ಲಿ?”

“ಒಳಗವ್ಳೆ. ಬಾಣಂತನಕ್ಕೆ ಬಂದವ್ಳೆ.”

ಅವನಿಗೇ ನಗು ಬಂತು. ಆದರೂ ಬಿಡಲಿಲ್ಲ. “ಆಯ್ತು, ಬಳಿಸ್ತೀನಿ. ರಿಯಾಯಿತಿ ಬರ್ನಿಲ್ಲ ಅಂದ್ರೆ?”

“ಬರದಿದ್ರೆ ನನ್ನ ಕೇಳು.”

ಆ ಮಾತು ಬಾಯಿಂದ ಜಾರಿದ್ದೇ ತಪ್ಪು. ಹನ್ನೆರಡು ಮನೆಗೂ ಅದೇ ಮಾತು ಹೋಯಿತು, ಹನ್ನೆರಡು ತಾರಸಿಯೂ ಬೆಳ್ಳಗಾದವು. ಒಟ್ಟಿಗೆ ಕೊಳ್ಳುತ್ತೇವೆ ಅಂತ ಪೇಂಟಿನ ರೇಟನ್ನು ಎಷ್ಟು ಇಳಿಸಿದೆ ಅಂದರೆ, ಅಂಗಡಿಯವನು ನನ್ನನ್ನು ಕಂಡರೆ ಈಗಲೂ ಊಟಕ್ಕೆ ಹೋಗಿಬಿಡುತ್ತಾನೆ.

ಆಮೇಲೆ ಮೇಡಂ ನೀತಿಯ ಕರಡನ್ನು ವಾಟ್ಸಾಪಿನಲ್ಲಿ ಕಳಿಸಿದರು, ಕನ್ನಡದಲ್ಲೇ. ನಾನು ನೇರವಾಗಿ ರಿಯಾಯಿತಿಯ ಪುಟಕ್ಕೆ ಹೋಗಿ, ಓದಿ, ಸಂತೋಷಪಟ್ಟು, ಮಲಗಿದೆ. ಮಾರನೇ ದಿನ ಕಟಿಂಗ್ ಶಾಪಿನಲ್ಲಿ ಸರದಿಗೆ ಕಾಯುತ್ತಾ ಮಾಡಲು ಕೆಲಸವಿಲ್ಲದೆ ಮೊದಲಿಂದ ಓದಿದೆ. ಎರಡನೇ ಪುಟದಲ್ಲಿ ಯಾವ ಪದಕ್ಕೆ ಏನರ್ಥ ಅಂತ ಕೊಟ್ಟಿದ್ದರು. ಪೂರ್ಣಗೊಂಡ ಕಟ್ಟಡದ ಮೇಲಿನದು ಮಾತ್ರ ತಾರಸಿ. ಮುಂದಿನ ಮಹಡಿಗೆ ಕಂಬಿ ಉಳಿಸಿರುವ ಕಟ್ಟಡ ಪೂರ್ಣಗೊಂಡದ್ದಲ್ಲ.

ಸರದಿ ಬಿಟ್ಟು ಎದ್ದು ಹೊರಗೆ ಬಂದು ಫೋನ್ ಮಾಡಿದೆ.

“ಮೇಡಂ, ಎರಡನೇ ಪುಟ ಯಾರು ಬರೆದಿದ್ದು?”

“ನಾನೇ ಸಾರ್. ಯಾಕೆ?”

“ನೀವು ಹೇಳೋ ತಾರಸಿ ನಮ್ಮೂರಲ್ಲಿ ಒಂದೂ ಇಲ್ಲ.”

ಮೇಡಂ ಹುಟ್ಟಿ ಬೆಳೆದದ್ದು ಅಪಾರ್ಟ್‌ಮೆಂಟಿನಲ್ಲಿ. “ಕಂಬಿ ನೋಡಿ, ಎಲ್ಲರ ಮನೆ ಕೆಲಸಾನೂ ನಡೀತಿದೆ ಅಂದ್ಕೊಂಡಿದ್ದೆ ಸಾರ್.”

“ನಡೀತಿದೆ ಮೇಡಂ. ಇಪ್ಪತ್ತು ವರ್ಷದಿಂದ ನಡೀತಿದೆ.”

ಅಧ್ಯಾಯ ಉಳಿಯುತ್ತದೋ ಹೋಗುತ್ತದೋ ಅಂತ ತೀರ್ಮಾನಿಸುವ ಸಭೆ ಶುಕ್ರವಾರ ಇತ್ತು. ಅದು ಹೋದರೆ ಮೇಡಂ ಪಟ್ಟ ಶ್ರಮ ಹೋಯಿತು. ಉಳಿದರೂ ಎರಡನೇ ಪುಟ ಹಾಗೇ ಇದ್ದರೆ ನಾನು ಹೋದೆ. ಹನ್ನೆರಡು ಮನೆಯವರ ಮುಂದೆ ಮುಖ ಎತ್ತಿಕೊಂಡು ಓಡಾಡಲಾಗದು. ಮದುವೆ ಊಟಕ್ಕೆ ಕೂತರೆ ಎದುರು ಸಾಲಿನಲ್ಲಿ ಅವರೇ ಇರುತ್ತಾರೆ. “ನಾನೂ ಬರ್ತೀನಿ” ಅಂದೆ. ನಾಗರಿಕ ಪ್ರತಿನಿಧಿ ಅಂತ ಹೆಸರು ಸೇರಿಸಿದರು.

ಕರೆಂಟು ಉಳಿಸುವ ಸಭೆಯಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ಅರ್ಧ ಜನ ಸ್ವೆಟರ್ ಹಾಕಿದ್ದರು. ಅಧ್ಯಕ್ಷರ ಜಾಗದಲ್ಲಿದ್ದ ಹಿರಿಯ ಅಧಿಕಾರಿ ನನ್ನ ಮಾತು ಪೂರ್ತಿ ಕೇಳಿ, “ಅಷ್ಟೇ ತಾನೆ? ಕಂಬಿ ಕತ್ತರಿಸಿ ಬನ್ನಿ, ರಿಯಾಯಿತಿ ತಗೊಳ್ಳಿ” ಅಂದರು.

“ಸಾರ್, ನಮ್ಮಲ್ಲಿ ಆಸ್ತಿ ಭಾಗ ಆಗೋದೇ ಹಂಗೆ. ಕೆಳಗಿನ ಮನೆ ದೊಡ್ಡವನಿಗೆ, ಮೇಲಿನ ಮನೆ ನಡುವಿನವನಿಗೆ, ಕಂಬಿ ಚಿಕ್ಕವನಿಗೆ. ಕತ್ತರಿಸಿದ್ರೆ ಚಿಕ್ಕವನು ಕೋರ್ಟಿಗೆ ಹೋಗ್ತಾನೆ.”

“ರಿಯಾಯಿತಿ ತಗೊಂಡು ಮುಂದಿನ ತಿಂಗಳೇ ಅದರ ಮೇಲೆ ಮಹಡಿ ಎಬ್ಬಿಸಿದ್ರೆ ಏನ್ರೀ ಮಾಡೋದು? ಹತ್ತು ವರ್ಷ ಕಟ್ಟಲ್ಲ ಅಂತ ಬರೆದು ಕೊಡ್ತೀರಾ?”

“ಹತ್ತು ಜಾಸ್ತಿ ಆಯ್ತು ಸಾರ್. ಎರಡು ಮಾಡಿ.”

“ಎಂಟು.”

“ಎರಡೂವರೆ.”

ಕೂತವರೆಲ್ಲ ಟೆನಿಸ್ ನೋಡುವ ಹಾಗೆ ಆಚೆ ಈಚೆ ಕತ್ತು ತಿರುಗಿಸುತ್ತಿದ್ದರು. ಅಧಿಕಾರಿ ಆರಕ್ಕೆ ಬಂದು ಗಟ್ಟಿಯಾಗಿ ಕೂತರು. ಆಗ ಮೇಡಂ ನಡುವೆ ಬಾಯಿ ಹಾಕಿದರು. “ವರ್ಷದ ಲೆಕ್ಕಾನೇ ಬೇಡ ಸಾರ್. ಪ್ರತಿ ವರ್ಷ ತೆರಿಗೆ ಕಟ್ಟೋವಾಗ ತಾರಸಿ ಫೋಟೋ ಕೊಡ್ಲಿ. ಬೆಳ್ಳಗಿದ್ರೆ ಆ ವರ್ಷಕ್ಕೆ ರಿಯಾಯಿತಿ, ಇಲ್ಲದಿದ್ರೆ ಇಲ್ಲ. ಮಹಡಿ ಕಟ್ಟಿದ್ರೆ ಹೊಸ ತಾರಸಿಗೆ ಬಳೀಲಿ. ಕಂಬಿ ವಿಷಯ ತೆಗೆದು, ಬಿಸಿಲಿಗೆ ಬಿದ್ದಿರೋ ಮೇಲ್ಭಾಗ ಅಂತ ಬರೆಯೋಣ.”

ಅಧಿಕಾರಿ ಪೆನ್ನು ಕಚ್ಚಿದರು. “ಸರಿ. ಅಧ್ಯಾಯ ಇರ್ಲಿ. ಆದ್ರೆ ರಿಯಾಯಿತಿ ಅರ್ಧ.”

ಮುಕ್ಕಾಲು ಅನ್ನಲು ಬಾಯಿ ತೆರೆದೆ. ಮೇಜಿನ ಕೆಳಗೆ ಮೇಡಂ ನನ್ನ ಪಾದ ತುಳಿದರು. ಬಾಯಿ ಮುಚ್ಚಿಕೊಂಡೆ. ಹೊರಗೆ ಬಂದ ಮೇಲೆ ಹೇಳಿದರು, “ಸಾರಿ ಸಾರ್. ಅವರು ಸೊನ್ನೆ ಅಂತ ಬರೆದುಕೊಂಡು ಬಂದಿದ್ರು, ಪಕ್ಕದಲ್ಲಿ ಕೂತಿದ್ದಕ್ಕೆ ನಂಗೆ ಕಾಣಿಸ್ತಿತ್ತು.” ಇಷ್ಟು ವರ್ಷ ಚೌಕಾಸಿ ಮಾಡಿದ ನನಗೆ ಎದುರಿನವರ ಕಾಗದ ಇಣುಕಿ ನೋಡಬೇಕು ಅಂತ ಹೊಳೆದಿರಲಿಲ್ಲ.

ಊರಿಗೆ ಬಂದು ದೊಡ್ಡಪ್ಪನ ಮಗನಿಗೆ ಹೇಳಿದೆ. ಅವನು ನಿಧಾನವಾಗಿ ಕೇಳಿದ. “ಅರ್ಧ ಅವ್ರು ಕೊಡ್ತಾರೆ. ಮಿಕ್ಕಿದ್ದರ್ಧ ನಿನ್ನ ಕೇಳ್ಬೇಕಲ್ವಾ?”

“ಅಣ್ಣ, ಪ್ರತಿ ಬೇಸಿಗೆಗೆ ಖಾಲಿ ಆಗ್ತಿದ್ದ ನಿನ್ನ ಮೇಲಿನ ಮನೆ ಈ ಸಲ ಖಾಲಿ ಆಯ್ತಾ?”

“ಇಲ್ಲ.”

“ಆ ಬಾಡಿಗೆ ಯಾರ ಜೇಬಿಗೆ ಹೋಯ್ತು?”

“ಅದು ಬ್ಯಾರೆ ಇಷ್ಯ ಕಣ್ಲಾ,” ಅಂದ. ಹನ್ನೆರಡು ಜನಕ್ಕೂ ಅದು ಬೇರೆ ವಿಷಯವೇ. ಕೊನೆಗೆ ಮುಂದಿನ ಸಲದ ಪೇಂಟಿಗೆ ಎಲ್ಲರ ಪರವಾಗಿ ಚೌಕಾಸಿಗೆ ನಾನೇ ಹೋಗಬೇಕು, ಸಾಗಿಸುವ ಆಟೋ ಬಾಡಿಗೆಯೂ ನನ್ನದೇ ಅಂತ ತೀರ್ಮಾನವಾಯಿತು. ಮದುವೆ ಊಟಕ್ಕೆ ತಲೆ ಎತ್ತಿಕೊಂಡು ಕೂರುತ್ತೇನೆ.

ನೀವೂ ತಾರಸಿಗೆ ಬಳಿಸುವವರಾದರೆ ಜನವರಿ ಮುಗಿಯುವುದರೊಳಗೆ ಬಳಿಸಿ, ಮಾರ್ಚಿನಲ್ಲಿ ಕೂಲಿಯವರು ಸುಲಭಕ್ಕೆ ಸಿಗುವುದಿಲ್ಲ. ಮೊದಲು ಪಾಚಿ ಉಜ್ಜಿ ತೊಳೆಸಿ, ಎರಡು ದಿನ ಒಣಗಲು ಬಿಡಿ. ಪೇಂಟಿನವನು ಒಂದು ಕೋಟು ಸಾಕು ಅಂದರೆ ಅವನ ಮನೆಗೆ ಎಷ್ಟು ಬಳಿದಿದ್ದಾನೆ ಅಂತ ಕೇಳಿ. ಬಾಡಿಗೆಗೆ ಹೋಗುವವರಾದರೆ ಮೇಲಿನ ಮಹಡಿಯ ಮನೆಯನ್ನು ಬೆಳಿಗ್ಗೆ ನೋಡಬೇಡಿ, ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಹತ್ತು ನಿಮಿಷ ಫ್ಯಾನಿಲ್ಲದೆ ನಿಂತು ನೋಡಿ, ಆಮೇಲೆ ಅಡ್ವಾನ್ಸಿನ ಮಾತು. ಇನ್ನು ನಗರದವರು ಇಂಥ ಕರಡು ಹೊರಡಿಸಿದಾಗ ನಿಮಗೇನು ಸಿಗುತ್ತದೆ ಅನ್ನುವ ಪುಟಕ್ಕೆ ಓಡಬೇಡಿ. ಯಾರಿಗೆ ಸಿಗುತ್ತದೆ ಅಂತ ಹೇಳಿರುವ ಪುಟ ಮುಂಚೆಯೇ ಇರುತ್ತದೆ, ಅದನ್ನು ಓದಿ. ನಿಮ್ಮ ಮನೆ ಅದರಲ್ಲಿ ಕಾಣದಿದ್ದರೆ ಆಕ್ಷೇಪಣೆಯನ್ನು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ಮನೆಯ ಫೋಟೋ ಸಮೇತ ಗಡುವಿನೊಳಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೇ ಅಲ್ಲಿಂದ ಹೊರಡಿ.